ಹಿಂದಿನ ಒಲೆಯ ಬೆಂಕಿ

ಅರಿಸೊ, ೮ ನವೆಂಬರ್ ೧೯೭೬

ಇಂಗೆ ಸಾನ್‌ಗೆ,

ಇವತ್ತಿನಿಂದ ನನ್ನ ವ್ರತ ಶುರು. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಇನ್ನೊಬ್ಬರ ಮನೆಯಲ್ಲಿ ಕಾಸಿದ ಚಹಾ ಕೂಡ ಇಲ್ಲ. ಬೆಳಕು ಹರಿಯುವ ಮೊದಲೇ ಸಮುದ್ರಕ್ಕೆ ಹೋಗಿ ಮೈಮೇಲೆ ನೀರು ಸುರಿದುಕೊಂಡು ಬಂದೆ. ಹಿಂದಿನ ಒಲೆಗೆ ಸೌದೆ ಒಡ್ಡಿ, ದೇವರ ಮುಂದಿನ ಹಸಿರು ರೆಂಬೆ ಬದಲಿಸಿ, ಅಕ್ಕಿ ತೊಳೆದಿಟ್ಟು, ಅಂಗಳ ಗುಡಿಸಿ, ಅತ್ತೆಗೆ ಗಂಜಿ ಕೊಟ್ಟು, ಮೂಲಂಗಿಗಳನ್ನು ಸೂರಿನ ಕೆಳಗೆ ನೇತುಹಾಕಿ ಈಗ ಕುಳಿತಿದ್ದೇನೆ.

ನೀನು ಬಿಟ್ಟುಹೋದ ಉಣ್ಣೆಯ ಅಂಗಿ ಈ ಪೊಟ್ಟಣದಲ್ಲಿದೆ. ಎಲ್ಲಿ ಬಿಟ್ಟಿದ್ದೆ ಗೊತ್ತೆ? ಗುಡಿಯ ಕಲ್ಲು ದೀಪದ ತಲೆಯ ಮೇಲೆ. ದೀಪಕ್ಕೆ ಚಳಿಯಾಗುತ್ತದೆ ಎಂದು ಹೊದಿಸಿದ ಹಾಗಿತ್ತು. ಕಾಲುಚೀಲದ ವಿಷಯ ಹೇಳಲೇಬಾರದು ಎಂದುಕೊಂಡಿದ್ದೆ, ಆದರೆ ಹೇಳದೆ ಇರಲಾರೆ. ದೊಡ್ಡ ಮರಕ್ಕೆ ಸುತ್ತಿದ ಹುಲ್ಲಿನ ಹಗ್ಗ ದೇವರದು, ಬಟ್ಟೆ ಒಣಗಿಸುವ ಹಗ್ಗವಲ್ಲ ಇಂಗೆ. ನಮ್ಮ ಮನೆಯಲ್ಲಿದ್ದ ಮೂರು ದಿನವೂ ಗುಡಿಯ ದಾರಿಯ ನಟ್ಟನಡುವೆ ನಡೆದೆ. ನಡುವಿನ ದಾರಿ ದೇವರು ನಡೆಯುವುದಕ್ಕೆ, ನಮ್ಮಂಥವರು ಅಂಚಿನಲ್ಲಿ ಹೋಗಬೇಕು ಎಂದು ದಿನಕ್ಕೆ ಹತ್ತು ಸಲ ಹೇಳಿದೆ. ಕೈ ತೊಳೆಯುವ ನೀರನ್ನು ಕುಡಿದೆ. ಬೆಂಕಿ ಆರಿಸುವ ಪಂಪು ಇಟ್ಟಿರುವ ತಗಡಿನ ಶೆಡ್ಡನ್ನೇ ಗುಡಿಯೆಂದುಕೊಂಡು ಅದಕ್ಕೆ ಎರಡು ಸಲ ಬಗ್ಗಿ ಎರಡು ಸಲ ಚಪ್ಪಾಳೆ ತಟ್ಟಿ ಕೈಮುಗಿದೆ. ನಮ್ಮತ್ತೆ ಅದನ್ನು ನೆನೆಸಿಕೊಂಡು ಈಗಲೂ ನಗುತ್ತಾರೆ.

ಹತ್ತಿರದಲ್ಲಿ ಇನ್ನೂ ಎಷ್ಟು ಗುಡಿಗಳಿವೆ, ಬರೆದು ಕಳಿಸಿ ಎಂದು ಕೇಳಿದ್ದೆಯಲ್ಲ, ನಾನು ಕಳಿಸುವುದಿಲ್ಲ. ಒಂದು ಗುಡಿಯಲ್ಲಿ ಸರಿಯಾಗಿ ನಿಲ್ಲಲು ಕಲಿ, ಆಮೇಲೆ ಮಿಕ್ಕಿದ್ದು.

ಎರಡು ಒಲೆ ಯಾಕೆ ಎಂದೂ ಹೊರಡುವಾಗ ಕೇಳಿದೆ, ಬಸ್ಸಿನ ಗಡಿಬಿಡಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಮುಂದಿನ ಒಲೆ ನಮ್ಮದು. ಹಿಂದಿನದು ದೇವರದು. ಹೊಸ ವರ್ಷದ ದಿನ ನಮ್ಮ ಅರ್ಚಕ ಮಿಯವಾಕಿಯವರು ಮರಕ್ಕೆ ಮರ ತಿಕ್ಕಿ ಹುಟ್ಟಿಸಿದ ಬೆಂಕಿ ಅದು, ವರ್ಷವಿಡೀ ಆರಬಾರದು. ದೇಶದ ದೇವರೆಲ್ಲ ನಮ್ಮ ಕಡೆ ಬಂದು ಸೇರುವ ತಿಂಗಳು ಇದು. ಇಪ್ಪತ್ತೆಂಟಕ್ಕೆ ಅವರಿಗೆ ಬೀಳ್ಕೊಡುಗೆಯ ಊಟ, ಅನ್ನ ಆ ಬೆಂಕಿಯಲ್ಲೇ ಆಗಬೇಕು. ನಮ್ಮತ್ತೆ, ಅವರ ಅತ್ತೆ, ಅವರಿಗಿಂತ ಹಿಂದಿನವರು, ಎಲ್ಲರೂ ಕಾಯ್ದುಕೊಂಡು ಬಂದದ್ದು. ಒಮ್ಮೆ ಆರಿದರೆ, ಇಲ್ಲವೇ ಮೈಲಿಗೆಯಾದರೆ, ಬೆಂಕಿ ಬೇರೆ ಮನೆಗೆ ಹೋಗುತ್ತದೆ, ಮತ್ತೆ ಈ ಮನೆಗೆ ಬರುವುದಿಲ್ಲ. ಅದಕ್ಕೇ ಎರಡು ಒಲೆ.

ಅಂಗಿ ತಲುಪಿದ್ದಕ್ಕೆ ಒಂದು ಸಾಲು ಬರೆ.

ಫುಸನೊ

*

ಕ್ಯೋಟೊ, ೧೨ ನವೆಂಬರ್ ೧೯೭೬

ಪೂಜ್ಯ ಫುಸನೊ ಅವರ ಸನ್ನಿಧಿಗೆ,

ಬೆಟ್ಟದ ಎಲೆಗಳು ದಿನದಿಂದ ದಿನಕ್ಕೆ ಕೆಂಪೇರುತ್ತಿರುವ ಈ ಶರತ್ಕಾಲದಲ್ಲಿ ತಾವೂ ತಮ್ಮ ಕುಟುಂಬದವರೂ ಕ್ಷೇಮವಾಗಿರುವಿರೆಂದು ನಂಬುತ್ತೇನೆ. ಉಣ್ಣೆಯ ಅಂಗಿ ಸುರಕ್ಷಿತವಾಗಿ ತಲುಪಿತು. ಕಲ್ಲು ದೀಪದ ಕುರಿತು, ಹಗ್ಗದ ಕುರಿತು ಅತ್ಯಂತ ನಾಚಿಕೆಪಡುತ್ತೇನೆ. ಮುಂದೆ ಅಂಚಿನಲ್ಲೇ ನಡೆಯುವೆ.

ತಮಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ನನ್ನ ತಾಯಿ ಅಕ್ಟೋಬರ್ ತಿಂಗಳಿನಲ್ಲಿ ಡೆನ್ಮಾರ್ಕಿನಲ್ಲಿ ತೀರಿಕೊಂಡರು. ನಾನು ಹೋಗಿ ಸೇರುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿರುತ್ತಿತ್ತು. ಆದುದರಿಂದ ಹೋಗಲಿಲ್ಲ. ಕೋಣೆಯಲ್ಲಿ ಕುಳಿತಿರಲೂ ಆಗಲಿಲ್ಲ. ನಕ್ಷೆ ತೆಗೆದುಕೊಂಡು ಗುಡಿಯಿಂದ ಗುಡಿಗೆ ನಡೆದೆ. ಎಲ್ಲಿಯೂ ಯಾರೂ ನನ್ನನ್ನು ಕೂರಿಸಿ ಊಟ ಹಾಕಿರಲಿಲ್ಲ. ತಾವು ದೇವರ ಮುಂದಿನಿಂದ ಇಳಿಸಿದ ಅನ್ನವನ್ನು ನನ್ನ ಕೈಗೆ ಕೊಟ್ಟಿರಿ. ಆ ದುಃಖದ ದಿನಗಳಲ್ಲಿ ನಾನು ಹೊಟ್ಟೆತುಂಬ ಉಂಡದ್ದು ಅದೇ ಮೊದಲು.

ಋಣ ತೀರಿಸುವ ಸಣ್ಣ ಅವಕಾಶ ನನಗೂ ಸಿಕ್ಕಿತು ಎಂದು ಈಗ ತಮ್ಮ ಪತ್ರ ಓದಿ ತಿಳಿದು ಸಂತೋಷವಾಯಿತು. ಎರಡನೆಯ ದಿನ ಬೆಳಿಗ್ಗೆ ತಾವು ಬಾವಿಗೆ ಹೋದಾಗ ಹಿಂದಿನ ಒಲೆ ಆರುತ್ತಿತ್ತು. ನಾನೇ ಸಣ್ಣ ಕಡ್ಡಿಗಳನ್ನು ಇಟ್ಟು, ಮೊಣಕಾಲೂರಿ, ಬಾಯಿಂದ ಊದಿ ಊದಿ ಉರಿಸಿದೆ. ಅದು ದೇವರ ಬೆಂಕಿಯೆಂದು ಆಗ ತಿಳಿದಿರಲಿಲ್ಲ.

ತಮ್ಮ ವಿನಮ್ರ,
ಇಂಗೆ

*

ಅರಿಸೊ, ೧೫ ನವೆಂಬರ್ ೧೯೭೬

ಇಂಗೆ ಸಾನ್‌ಗೆ,

ಎಲೆ ಕೆಂಪಾದದ್ದು ನನಗೂ ಕಾಣುತ್ತದೆ. ಅದನ್ನು ಬರೆಯುವ ಬದಲು ಮೊದಲು ಬರೆಯಬೇಕಾದ್ದನ್ನು ಬರೆಯಬಾರದಿತ್ತೆ?

ಕೇಳಿದ್ದಕ್ಕಷ್ಟೇ ಉತ್ತರ ಬರೆ. ತೀರಿಕೊಂಡವರು ನಿನ್ನ ಹೆತ್ತ ತಾಯಿಯೇ, ಸಾಕಿದವರೇ? ಯಾವ ತಾರೀಕು? ನಿನಗೆ ಸುದ್ದಿ ಮುಟ್ಟಿದ್ದು ಯಾವ ತಾರೀಕು? ನಮ್ಮ ಮನೆಗೆ ಬರುವ ಮುಂಚೆಯೋ, ಹೋದ ಮೇಲೋ?

ಬೇರೇನೂ ಬರೆಯಬೇಡ. ಬೇರೇನೂ ಕಳಿಸಬೇಡ.

ಫುಸನೊ

*

ಕ್ಯೋಟೊ, ೧೮ ನವೆಂಬರ್ ೧೯೭೬

ಪೂಜ್ಯ ಫುಸನೊ ಅವರಿಗೆ,

ತಮ್ಮ ಪತ್ರ ಚಿಕ್ಕದಾಗಿತ್ತು, ಆದರೆ ಅದರಲ್ಲಿದ್ದ ಮಮತೆ ನನಗೆ ಅರ್ಥವಾಯಿತು. ತಾರೀಕು ಕೇಳಿದ್ದೀರಿ ಎಂದರೆ ನನ್ನ ತಾಯಿಗಾಗಿ ದೇವರಲ್ಲಿ ಪ್ರಾರ್ಥಿಸಲು ಎಂದು ಕೂಡಲೇ ಹೊಳೆಯಿತು. ನನ್ನ ಅಣ್ಣನೂ ಇಷ್ಟು ಕೇಳಲಿಲ್ಲ.

ಹೆತ್ತ ತಾಯಿ. ಹೆಸರು ಕಾರೆನ್. ತೀರಿಕೊಂಡದ್ದು ಅಕ್ಟೋಬರ್ ಇಪ್ಪತ್ತು. ತಂತಿ ಬಂದದ್ದು ಇಪ್ಪತ್ತೆರಡು. ತಮ್ಮ ಮನೆಗೆ ಬಂದದ್ದು ನವೆಂಬರ್ ಮೂರು.

ಏನನ್ನೂ ಕಳಿಸಬೇಡ ಎಂದು ತಾವು ಸಂಕೋಚದಿಂದ ಬರೆದಿರುವಿರಿ. ಈ ದೇಶದಲ್ಲಿ ಬೇಡ ಎಂದರೂ ಕೊಡುವುದೇ ಕ್ರಮವೆಂದು ನಾನು ಕಲಿತಿದ್ದೇನೆ. ಅಣ್ಣ ಕಳಿಸಿದ ತಾಯಿಯ ಕೂದಲಿನ ಒಂದು ಸಣ್ಣ ಕಟ್ಟನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ದೇವರ ಪಾದದ ಬಳಿ ಇರಿಸಿ.

ಇಂಗೆ

*

ಅರಿಸೊ, ೨೧ ನವೆಂಬರ್ ೧೯೭೬

ಇಂಗೆ,

ನಿನಗೆ ಏನು ಹೇಳಲಿ, ಎಲ್ಲಿಂದ ಶುರುಮಾಡಲಿ.

ನಿನ್ನ ಲಕೋಟೆಯನ್ನು ನಮ್ಮತ್ತೆ ಬಿಚ್ಚಿದರು. ಅವರಿಗೆ ಎಪ್ಪತ್ತೆಂಟು, ಕಣ್ಣು ಮಂಜು. ನಿನ್ನ ತಾಯಿಯ ಕೂದಲನ್ನು ಬಿಳಿ ರೇಷ್ಮೆ ದಾರ ಎಂದುಕೊಂಡು ಸೂಜಿಗೆ ಪೋಣಿಸಲು ಹೊರಟಿದ್ದರು. ನಾನು ಒಳಗೆ ಬಂದು ನೋಡಿ ಕಿತ್ತುಕೊಂಡೆ. ಸತ್ತವರ ಕೂದಲು, ದೇವರ ಒಲೆ ಇರುವ ಮನೆಯೊಳಗೆ, ವ್ರತದ ದಿನಗಳಲ್ಲಿ. ಕೂದಲನ್ನು ಕೆಳಗಿನ ಬೌದ್ಧ ಮಠದ ಭಿಕ್ಷುವಿನ ಕೈಗೆ ಕೊಟ್ಟು ಬಂದಿದ್ದೇನೆ. ನಮ್ಮಲ್ಲಿ ಹುಟ್ಟಿದ್ದಕ್ಕೆ, ಬೆಳೆದಿದ್ದಕ್ಕೆ ದೇವರ ಗುಡಿ. ಸತ್ತಿದ್ದಕ್ಕೆ ಮಠ. ಇದು ಇಲ್ಲಿ ನಡೆಯಲು ಬರುವ ಮಗುವಿಗೂ ಗೊತ್ತು. ನೀನು ದಪ್ಪ ದಪ್ಪ ಪುಸ್ತಕ ಓದಿಕೊಂಡು ಬಂದವಳು.

ತಾರೀಕು ಕೇಳಿದ್ದು ಪ್ರಾರ್ಥನೆಗಲ್ಲ. ಸರಿಯಾಗಿ ಓದು. ಹೆತ್ತವರು ಸತ್ತರೆ ಐವತ್ತು ದಿನ ಸೂತಕ. ಸೂತಕದವರು ಗುಡಿಯ ಮುಂದಿನ ಕಮಾನಿನ ಕೆಳಗೆ ಕಾಲಿಡಬಾರದು. ನೀನು ದಿನಕ್ಕೆ ಮೂರು ಸಲ ಹೋಗಿ ಬಂದೆ, ಅದೂ ನಡುದಾರಿಯಲ್ಲಿ. ಸೂತಕದವರು ಮುಟ್ಟಿದ ಬೆಂಕಿಯೂ ಮೈಲಿಗೆ, ಆ ಬೆಂಕಿಯಲ್ಲಿ ಬೆಂದದ್ದನ್ನು ಉಂಡವರೂ ಮೈಲಿಗೆ. ನೀನು ಮುಟ್ಟಿದ್ದಷ್ಟೇ ಅಲ್ಲ, ಬಾಯಿಂದ ಊದಿದೆ. ಈಗ ನನ್ನ ಹಿಂದಿನ ಒಲೆಯಲ್ಲಿ ಉರಿಯುತ್ತಿರುವುದು ಮಿಯವಾಕಿಯವರು ಹುಟ್ಟಿಸಿದ ಬೆಂಕಿಯೋ, ನೀನು ಊದಿದ ಬೆಂಕಿಯೋ, ನನಗೇ ತಿಳಿಯುತ್ತಿಲ್ಲ.

ಇನ್ನೊಂದು ಮಾತು ಕೇಳು, ಇದರಿಂದಲೇ ನನಗೆ ತಲೆ ಕೆಟ್ಟುಹೋಗಿರುವುದು. ನಮ್ಮಲ್ಲಿ ಸೂತಕ ತಟ್ಟುವುದು ಕೇಳಿದ ಮೇಲೆ. ಕಿವಿಗೆ ಬೀಳದ ಸಾವಿಗೆ ಮೈಲಿಗೆಯಿಲ್ಲ. ಸಮುದ್ರಕ್ಕೆ ಹೋದವರ ಊರು ಇದು, ಸುದ್ದಿ ತಡವಾಗಿ ಬರುವ ಊರು, ಹಿರಿಯರು ಯೋಚಿಸಿಯೇ ಮಾಡಿದ್ದಾರೆ. ನೀನು ಬರೆಯದೆ ಇದ್ದಿದ್ದರೆ ನಾನು ಇಪ್ಪತ್ತೆಂಟಕ್ಕೆ ಶುದ್ಧ ಮನಸ್ಸಿನಿಂದ ಅನ್ನ ಮಾಡಿ ಇಡುತ್ತಿದ್ದೆ, ದೇವರೂ ಉಣ್ಣುತ್ತಿದ್ದರು. ಬೆಂಕಿಯನ್ನು ನೀನು ಕೆಡಿಸಿದ್ದು ಊದಿದಾಗಲ್ಲ ಇಂಗೆ, ಥ್ಯಾಂಕ್ಸ್ ಹೇಳಲು ಕಾಗದ ಬರೆದಾಗ.

ಆ ಕಾಗದವನ್ನು ನಾನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ, ಯಾವಾಗಲೂ ಹಾಗೇ ಓದುವುದು. ತಾಯಿ ತೀರಿಕೊಂಡರು ಎಂಬ ಕಡೆ ಬಂದು ನಿಲ್ಲಿಸಿದೆ. ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು:

"ನಂಗೆ ಕಿವಿ ಕೇಳ್ಸಲ್ಲ. ನಿಂಗೆ ಸರಿಯಾಗಿ ಓದೋಕ್ ಬರಲ್ಲ. ಮುಗೀತಲ್ಲ, ಒಲೆಗೆ ಹಾಕು ಆ ಕಾಗ್ದಾನ."

"ಯಾವ ಒಲೆಗೆ ಅತ್ತೆ?" ಎಂದೆ.

ಅತ್ತೆ ದನಿ ತಗ್ಗಿಸಿ ಅಂದರು, "ಮೂವತ್ತು ವರ್ಷ ನಾನು ಆ ಬೆಂಕಿ ಮುಂದೆ ಕೂತಿದೀನಿ ಫುಸನೊ. ನಾನು ಬದುಕಿರೋವಾಗ ಅದು ಕಿಯೊನೊ ಮನೆಗೆ ಹೋಗೋದು ಬೇಡ."

ಕಿಯೊನೊ ನಮ್ಮ ಮೇಲಿನ ಮನೆಯವಳು. ಮುಂದಿನ ಸರದಿ ಅವಳದ್ದು, ಬಹಳ ದಿನದಿಂದ ಅಂಗಳದಲ್ಲಿ ಒಣ ಸೌದೆ ಒಟ್ಟಿಟ್ಟು ಕಾಯುತ್ತಿದ್ದಾಳೆ. ನಮ್ಮ ಮನೆಯವರು ರಾತ್ರಿಯೆಲ್ಲ ಸ್ಕ್ವಿಡ್ ಮೀನು ಹಿಡಿಯಲು ದೋಣಿಯಲ್ಲಿ, ಬೆಳಿಗ್ಗೆ ಬಂದರೆ ನಿದ್ದೆ. ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವರಿಗೂ ತಟ್ಟುತ್ತದೆ, ದೇವರ ಪಲ್ಲಕ್ಕಿ ಹೊರುವ ಹಾಗಿಲ್ಲ. ಅರ್ಚಕರಿಗೂ ಹೇಳಿಲ್ಲ. ದಿನವೂ ಬೆಂಕಿಗೆ ಸೌದೆ ಒಡ್ಡುತ್ತಿದ್ದೇನೆ, ಒಡ್ಡುವಾಗ ಮುಖ ಆಚೆ ತಿರುಗಿಸುತ್ತೇನೆ.

ನೀನು ಬಂದ ದಿನ ಹೊಸ್ತಿಲ ಹೊರಗೇ ನಿಲ್ಲಿಸಿ ಕೇಳಿದೆನಲ್ಲ, ನಿಮ್ಮ ಕಡೆ ಸಾವು ನೋವು ಏನೂ ಇಲ್ಲ ತಾನೆ ಎಂದು. ಈ ಮನೆಗೆ ಬರುವ ಎಲ್ಲರನ್ನೂ ಕೇಳುತ್ತೇವೆ. ನೀನು ತಲೆಯಾಡಿಸಿ, ಏನೂ ಇಲ್ಲ ಎಂದೆ. ಪಾಪ, ಭಾಷೆ ಅರ್ಥವಾಗಿಲ್ಲ, ಪೆದ್ದು ಹುಡುಗಿ ಎಂದು ಈಗ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ.

ಫುಸನೊ

*

ಕ್ಯೋಟೊ, ೨೩ ನವೆಂಬರ್ ೧೯೭೬

ಫುಸನೊ ಅವರಿಗೆ,

ಇಂದು ಎಲೆಗಳ ಬಗ್ಗೆ ಬರೆಯುವುದಿಲ್ಲ.

ನೀವು ಕೇಳಿದ್ದು ನನಗೆ ಅರ್ಥವಾಗಿತ್ತು. ಸೂತಕದ ಬಗ್ಗೆ ಓದಿದ್ದೆ, ಐವತ್ತು ದಿನ ಎಂದೂ ಗೊತ್ತಿತ್ತು. ಕಮಾನಿನ ಕೆಳಗೆ ಹೋಗಬಾರದೆಂದು ಗೊತ್ತಿದ್ದೇ ಹೋದೆ. ಅದು ನಿಮ್ಮ ಜನರ ನಿಯಮ, ನನ್ನಂಥವಳಿಗೆ ತಟ್ಟುವುದಿಲ್ಲ ಎಂದುಕೊಂಡೆ. ಹೊಸ್ತಿಲಲ್ಲಿ ನೀವು ಕೇಳಿದಾಗ ಮಳೆ ಹುಯ್ಯುತ್ತಿತ್ತು. ಒಳಗಿನಿಂದ ಮಿಸೊ ಸಾರಿನ ವಾಸನೆ ಬರುತ್ತಿತ್ತು. ಇದೆ ಎಂದರೆ ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಇಲ್ಲ ಎಂದೆ. ನನ್ನ ತಾಯಿ ಸತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಮೂರು ದಿನ ನಿಜವಾಗಿಯೂ ಸತ್ತಿಲ್ಲದಂತೆ ಇತ್ತು. ಬಹುಶಃ ಅದಕ್ಕೇ ಎರಡು ದಿನ ಹೆಚ್ಚು ಉಳಿದೆ.

ಒಲೆಯದು ಮಾತ್ರ ನಿಜವಾಗಿಯೂ ತಿಳಿದಿರಲಿಲ್ಲ.

ಇನ್ನೊಂದು ಹಾಳೆಯನ್ನು ಜೊತೆಗೆ ಇಟ್ಟಿದ್ದೇನೆ. ಅದು ಅರ್ಚಕರಿಗೆ. ನನ್ನ ತಾಯಿ ಆರೋಗ್ಯವಾಗಿದ್ದಾರೆ, ಹಿಂದಿನ ಪತ್ರದಲ್ಲಿ ಭಾಷೆ ಸರಿಯಾಗಿ ಬಾರದೆ ತಪ್ಪು ಬರೆದೆ, ತೀರಿಕೊಂಡವರು ದೂರದ ಪರಿಚಿತರು ಎಂದು ಬರೆದು ಸಹಿ ಮಾಡಿದ್ದೇನೆ. ಪರದೇಶದವಳು ತಪ್ಪು ಬರೆದಳು ಎಂದರೆ ಎಲ್ಲರೂ ನಂಬುತ್ತಾರೆ. ಬೆಂಕಿ ನಿಮ್ಮ ಮನೆಯಲ್ಲೇ ಉಳಿಯಲಿ. ನನ್ನಿಂದ ಆಗುವುದು ಇಷ್ಟೇ.

ಇಂಗೆ

*

ಅರಿಸೊ, ೩೦ ನವೆಂಬರ್ ೧೯೭೬

ಇಂಗೆ,

ಪೆದ್ದಿ ಎಂದುಕೊಂಡಿದ್ದೆ, ಸುಳ್ಳಿ ಎಂದು ತಿಳಿಯಿತು. ನನಗೆ ಅದೇ ಮೇಲೆನಿಸಿತು. ಪೆದ್ದಿಯ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಗೋಡೆಗೆ ಬೈದ ಹಾಗೆ. ಈಗ ಮನಸಾರೆ ಬೈಯಬಹುದು.

ನಿನ್ನ ಹಾಳೆ ಬಂದದ್ದು ಇಪ್ಪತ್ತೈದಕ್ಕೆ. ಅತ್ತೆ ಓದಿಸಿಕೊಂಡು, ನೋಡು, ಆ ಹುಡುಗಿಗೆ ಇರೋ ಬುದ್ಧಿ ನಿನಗಿಲ್ಲ, ಹೋಗಿ ಕೊಟ್ಟು ಬಾ, ಏನೂ ಹೇಳಬೇಡ, ಸುಮ್ಮನೆ ಕೊಡು ಎಂದರು. ನನ್ನ ಚಪ್ಪಲಿಯನ್ನು ಅವರೇ ಹೊರಡಲು ಅನುಕೂಲವಾಗುವಂತೆ ಬಾಗಿಲ ಕಡೆಗೆ ತಿರುಗಿಸಿಟ್ಟರು. ನಾನು ಮದುವೆಯಾಗಿ ಬಂದಂದಿನಿಂದ ಅವರು ನನ್ನ ಚಪ್ಪಲಿ ಮುಟ್ಟಿದವರಲ್ಲ.

ಹಾಳೆಯನ್ನು ಎದೆಯೊಳಗೆ ಇಟ್ಟುಕೊಂಡು ಹೋದೆ. ಕೊಡುವುದು ಅಂತಲೇ ಹೋದದ್ದು, ನಿನಗೆ ಸುಳ್ಳು ಹೇಳುವುದಿಲ್ಲ. ಮಿಯವಾಕಿಯವರು ಒಳಗೆ ಬೀಳ್ಕೊಡುಗೆಯ ಪೂಜೆಗೆ ಬಿದಿರು ನೆಡುತ್ತಿದ್ದರು. ಕಮಾನಿನ ಹತ್ತಿರ ಬಂದು ಅಂಚಿಗೆ ಸರಿದು ಒಂದು ಕಾಲು ಎತ್ತಿದೆ. ಆಗ ಯೋಚನೆ ಬಂತು. ಈ ಹಾಳೆ ಕೊಟ್ಟರೆ ನಿನ್ನ ತಾಯಿ ಸತ್ತಿಲ್ಲ ಎಂದಾಗುತ್ತದೆ. ನಿನ್ನ ಊರಿನಲ್ಲಿ ನೀನು ಹೋಗದೆಯೇ ಮಣ್ಣು ಮಾಡಿದರು. ಇಲ್ಲಿ ನಾನು ಸತ್ತೇ ಇಲ್ಲ ಎಂದು ಸಹಿ ಹಾಕಿದ ಹಾಳೆ ಕೊಟ್ಟು ಬಂದರೆ, ಆ ಹೆಂಗಸಿಗೆ ಈ ಭೂಮಿಯ ಮೇಲೆ ಸೂತಕ ಹಿಡಿಯುವವರು ಒಬ್ಬರೂ ಇಲ್ಲ. ಸೂತಕ ಎಂದರೆ ಏನು ಅಂದುಕೊಂಡೆ? ಕೊಳೆಯಲ್ಲ. ಒಬ್ಬರು ಹೋದರು ಎಂದು ಬದುಕಿರುವವರು ಸ್ವಲ್ಪ ದಿನ ಹೊರಗೆ ನಿಲ್ಲುವುದು. ಅಷ್ಟನ್ನೂ ಮಾಡದೆ ನೀನು ಗುಡಿಯಿಂದ ಗುಡಿಗೆ ಓಡುತ್ತಿದ್ದೆ.

ಎತ್ತಿದ ಕಾಲು ಹಿಂದಕ್ಕೆ ಇಟ್ಟೆ. ಅರ್ಚಕರು ನೋಡಿ, ಏನಮ್ಮ, ಬನ್ನಿ ಒಳಗೆ ಎಂದರು.

"ನಾನು ಒಳಗ್ ಬರೋ ಹಾಗಿಲ್ಲ," ಎಂದೆ. "ನೀವೇ ಹೊರಗ್ ಬನ್ನಿ."

ಅವರು ಬಿದಿರನ್ನು ಅಲ್ಲೇ ಒರಗಿಸಿ ಬಂದರು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇನ್ನೂ ಮೂರು ದಿನ ಇದೆ, ಆಗುತ್ತದೆ ಎಂದರು. ಬೆಂಕಿ ಆರಿಸಿಬಿಡಿ, ನಾನು ಹೊಸದು ಹುಟ್ಟಿಸಿ ಕಿಯೊನೊ ಮನೆಗೆ ಕೊಡುತ್ತೇನೆ ಎಂದರು. ನಿಮ್ಮ ಮನೆಯಲ್ಲಿ ಆ ಹುಡುಗಿಯ ಐವತ್ತು ದಿನ ಮುಗಿಯುವವರೆಗೆ ಯಾರೂ ಕಮಾನು ದಾಟಬೇಡಿ ಎಂದರು. ವಾಪಸು ಹೋಗುವಾಗ ಒಮ್ಮೆ ತಿರುಗಿ, ಅತ್ತೆಯವರನ್ನು ನೋಡಿಕೊಳ್ಳಿ ಎಂದರು.

ಮಾರನೆಯ ದಿನ ಕಿಯೊನೊ ಹೊಸ ಬೆಂಕಿಯನ್ನು ಮಡಕೆಯಲ್ಲಿ ಹಿಡಿದು ನಮ್ಮ ಅಂಗಳದ ಮುಂದೆಯೇ ಹೋದಳು. ಬೇರೆ ದಾರಿ ಇದೆ. ಗಾಳಿಗೆ ಆರೀತು ಎಂಬ ನೆವದಲ್ಲಿ ಹೆಜ್ಜೆ ಎಣಿಸಿ ನಡೆದಳು. ಅತ್ತೆ ಜಗುಲಿಯಿಂದ, "ಹಸಿ ಸೌದೆ ಹಾಕ್ಬೇಡ ಕಣೆ, ಹೊಗೆ ಆಗತ್ತೆ. ಒಣಗ್ಸಿದೀನಿ ಅಂತ ನೀನ್ ಅನ್ಕೊಂಡಿರೋದು ಅರ್ಧ ಹಸಿ," ಎಂದರು. ನನ್ನೊಂದಿಗೆ ಇನ್ನೂ ಮಾತಿಲ್ಲ. ನಮ್ಮ ಮನೆಯವರಿಗೆ ಪಲ್ಲಕ್ಕಿ ತಪ್ಪಿತು. ಅವರು ಇಪ್ಪತ್ತೆಂಟರ ರಾತ್ರಿಯೂ ದೋಣಿ ತೆಗೆದುಕೊಂಡು ಹೊರಟರು, ಒಬ್ಬರೇ.

ಅರ್ಚಕರ ಬಳಿಯಿಂದ ಬಂದ ಸಂಜೆಯೇ ಬೆಂಕಿ ಆರಿಸಲು ನೀರು ತಂದು ಹಿಂದಿನ ಒಲೆಯ ಮುಂದೆ ಕುಳಿತೆ. ಚೆನ್ನಾಗಿ ಉರಿಯುತ್ತಿತ್ತು. ನೀನು ಊದಿದ ಬೆಂಕಿ. ದೇವರಿಗೆ ಅದು ಇನ್ನು ಬೇಕಾಗಿಲ್ಲ, ನಮಗೂ ಅದರಲ್ಲಿ ಬೇಯಿಸಿಕೊಳ್ಳುವ ಹಕ್ಕಿಲ್ಲ. ಸತ್ತವರಿಗೆ ಆಗಬಹುದಲ್ಲ ಎನಿಸಿತು. ನಿನ್ನ ತಾಯಿಗೆ ಇದುವರೆಗೆ ಯಾರಾದರೂ ಒಂದು ಬಟ್ಟಲು ಅನ್ನ ಇಟ್ಟಿದ್ದಾರೆಯೆ? ದೇವರಿಗೆಂದು ಆರಿಸಿಟ್ಟ ಅಕ್ಕಿಯಲ್ಲೇ ಒಂದು ಹಿಡಿ ತೊಳೆದು, ಆ ಬೆಂಕಿಯಲ್ಲಿ ಅನ್ನ ಮಾಡಿ, ಬಟ್ಟಲಿನಲ್ಲಿ ಗೋಪುರದ ಹಾಗೆ ತುಂಬಿ, ನಮ್ಮ ಮನೆಯ ಹಿರಿಯರ ಗೂಡಿನಲ್ಲಿ ತೀರಿಹೋದ ಮಾವನವರ ಹೆಸರಿನ ಫಲಕದ ಪಕ್ಕದಲ್ಲಿ ಇಟ್ಟೆ. ಅನ್ನದ ಮೇಲೆ ಉಣ್ಣುವ ಕಡ್ಡಿ ನೆಟ್ಟಗೆ ಚುಚ್ಚಿಡುವುದು ಪದ್ಧತಿ. ಚುಚ್ಚಲು ಹೋಗಿ ನಿಂತೆ. ಆ ಹೆಂಗಸಿಗೆ ಕಡ್ಡಿ ಹಿಡಿಯಲು ಬರುತ್ತಿತ್ತೋ ಇಲ್ಲವೋ. ಚಮಚ ಇಟ್ಟೆ. ಕಾರೆನ್ ಎಂದು ಹೆಸರು ಹೇಳಿ ಗಂಟೆ ಬಾರಿಸಿದೆ. ಆಮೇಲೆ ಒಲೆಗೆ ನೀರು ಹಾಕಿದೆ. ಬಹಳ ಹೊಗೆಯಾಯಿತು. ಅತ್ತೆ ಆ ಹೊಗೆಯೊಳಗೇ ಬಂದು ಗೂಡಿನ ಮುಂದೆ ಒಂದು ಊದುಬತ್ತಿ ಹಚ್ಚಿ ಹೋದರು. ಯಾರಿಗೆ ಹಚ್ಚಿದರೋ ಕೇಳಲಿಲ್ಲ.

ಅರ್ಚಕರಿಗೆ ಬರೆದ ಹಾಳೆಯನ್ನು ನಿನಗೇ ವಾಪಸು ಕಳಿಸುತ್ತಿದ್ದೇನೆ. ಅದನ್ನು ಹರಿಯುವ ಕೆಲಸ ನಿನ್ನದು, ನನ್ನದಲ್ಲ.

ಈಗ ನೀನು ಮಾಡಬೇಕಾದ್ದು. ಯಾವ ಗುಡಿಗೂ ಹೋಗಬೇಡ. ಐವತ್ತು ದಿನ ಮುಗಿಯುವವರೆಗೆ ಕೋಣೆಯಲ್ಲಿ ಕುಳಿತು ಅಳು. ಏಳು ದಿನಕ್ಕೊಮ್ಮೆ ಸತ್ತವರಿಗೆ ಎಡೆ ಇಡಬೇಕು, ನಿನಗೆ ಬರುವುದಿಲ್ಲ, ಅದಕ್ಕೆ ಇಲ್ಲಿ ನಾನು ಇಡುತ್ತೇನೆ. ಇದುವರೆಗಿನ ವಾರಗಳೆಲ್ಲ ತಪ್ಪಿಹೋದವು, ಉಳಿದಿರುವುದು ನಲವತ್ತೊಂಬತ್ತನೆಯ ದಿನದ್ದು, ಅದೇ ದೊಡ್ಡದು. ಆದರೆ ಏನು ಇಡಲಿ? ಗೂಡಿನಲ್ಲಿ ಇಟ್ಟ ಅನ್ನ ಹಾಗೇ ಇದೆ, ನಿಮ್ಮವರು ರೊಟ್ಟಿ ತಿನ್ನುವವರು. ನಿನ್ನ ತಾಯಿ ಏನು ಇಷ್ಟಪಡುತ್ತಿದ್ದರು, ಸಿಹಿಯೋ ಉಪ್ಪೋ, ಬಿಸಿಯೋ ತಣ್ಣಗೋ, ಸರಿಯಾಗಿ ಬರೆ. ಇಲ್ಲಿ ಸಿಗುವ ಸಾಮಾನಿನಲ್ಲಿ ಮಾಡಲು ಬರುವುದನ್ನು ಬರೆ. ಬೆಣ್ಣೆಯದ್ದೇನಾದರೂ ಇದ್ದರೆ ನಮ್ಮೂರಲ್ಲಿ ಸಿಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ನಮ್ಮೂರ ಅಂಚೆಯವನು ಪಲ್ಲಕ್ಕಿ ಹೊರುವವನು, ನಮ್ಮ ಸೂತಕ ಮುಗಿಯುವ ತನಕ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅಂಚೆ ಕಚೇರಿಗೆ ಹೋಗುವ ದಾರಿ ಕಮಾನಿನ ಕೆಳಗೇ ಹಾಯುತ್ತದೆ, ನಾನು ಹೋಗುವ ಹಾಗಿಲ್ಲ. ಮೀನಿನ ಲಾರಿಯ ಓನಿಶಿ ಬೇರೆ ಊರಿನವನು, ಅವನಿಗೆ ನಮ್ಮ ದೇವರ ಕಟ್ಟುಪಾಡಿಲ್ಲ, ಈ ಕಾಗದವನ್ನೂ ಅವನೇ ಒಯ್ಯುತ್ತಾನೆ. ಅದಕ್ಕೇ ನಿನ್ನ ಉತ್ತರದ ಲಕೋಟೆಯ ಮೇಲೆ, ವಿಳಾಸದ ಕೆಳಗೆ ದೊಡ್ಡ ಅಕ್ಷರದಲ್ಲಿ ಹೀಗೆ ಬರೆ: ಮೀನಿನ ಲಾರಿಯ ಓನಿಶಿಯವರು ದಯವಿಟ್ಟು ಇದನ್ನು ಅಂಚೆಯಿಂದ ತೆಗೆದುಕೊಂಡು ಹೋಗಿ ಫುಸನೊ ಕೈಗೆ ಮುಟ್ಟಿಸಬೇಕು.